ಮಾರುತಿ 800ಕ್ಕೆ ಜಂಗು (ತುಕ್ಕು) ಹಿಡಿದಿದೆ: ಮನೆಯಲ್ಲಿ ಎಷ್ಟು ಮಾಡಬಹುದು, ಟಿಂಕರ್ ಹತ್ತಿರ ಯಾವುದಕ್ಕೆ ಹೋಗಬೇಕು?

ತಿಲಕವಾಡಿ800

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ 1998ರ ಮಾರುತಿ 800 ಇದೆ, ಮೊದಲಿನಿಂದಲೂ ಬೆಳಗಾವಿಯಲ್ಲೇ ಓಡಿದ ಗಾಡಿ. ಎಂಜಿನ್ ಈಗಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಅದರ ಚಿಂತೆ ಇಲ್ಲ. ಬಾಡಿದೇ ತಲೆನೋವು. ಡ್ರೈವರ್ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿದೆ. ಹಿಂದಿನ ಚಕ್ರದ ಆರ್ಚ್‌ನಲ್ಲೂ ಸ್ವಲ್ಪ ಇದೆ. ಮ್ಯಾಟ್ ಎತ್ತಿದರೆ ಕ್ಲಚ್ ಪೆಡಲ್ ಕೆಳಗೆ ಐದು ರೂಪಾಯಿ ನಾಣ್ಯ ತೂರುವಷ್ಟು ತೂತು, ನೆಲ ಕಾಣುತ್ತೆ. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂತು. ಟಿಂಕರಿಂಗ್, ಪೇಂಟಿಂಗ್ ಸೇರಿ ಒಬ್ಬರು ಹೇಳಿದ ರೇಟಿಗೆ ಇನ್ನೊಂದು 800 ಬರುತ್ತೇನೋ! ನನ್ನ ಹತ್ತಿರ ಗ್ರೈಂಡರ್, ಡ್ರಿಲ್ ಇವೆ, ಭಾನುವಾರ ಫ್ರೀ ಇರ್ತೀನಿ. ಮಳೆ ಹಿಡಿಯೋದ್ರೊಳಗೆ ಮನೆಯಲ್ಲೇ ಮಾಡಿ ಮುಗಿಸೋಕೆ ಆಗುತ್ತಾ?

ಪತ್ರಾ ಕಾಕಾ

ಆಗುತ್ತೆ ತಮ್ಮಾ, ಆದರೆ ಎಲ್ಲವೂ ಅಲ್ಲ. ಉದ್ಯಮಬಾಗದಲ್ಲಿ ಪತ್ರಾ (ತಗಡು) ಕೆಲಸ ಮಾಡಿಕೊಂಡೇ ತಲೆ ಬೆಳ್ಳಗಾಗಿದೆ, ಅದಕ್ಕೆ ಹೇಳ್ತೀನಿ. ಗ್ರೈಂಡರ್ ಆಮೇಲೆ, ಮೊದಲು ಸ್ಕ್ರೂಡ್ರೈವರ್ ತಗೋ. ಹಿಡಿಯಿಂದ ಬಾಡಿಯ ಕೆಳಭಾಗ ಪೂರ್ತಿ ಬಡಿಯುತ್ತಾ ಹೋಗು, ಗಟ್ಟಿ ಪತ್ರಾ ಇದ್ದರೆ ಟಣ್ ಅನ್ನುತ್ತೆ, ತಿಂದುಹೋಗಿದ್ದರೆ ಸದ್ದು ಮಂಕು. ಮಂಕಾದ ಕಡೆ ತುದಿಯಿಂದ ಒತ್ತು. ಒಳಗೆ ಹೋಯ್ತಾ, ಅಲ್ಲಿ ಎಮರಿ ಪೇಪರ್ ಕೆಲಸ ಇಲ್ಲ, ಕತ್ತರಿಸಿ ಹೊಸ ಪತ್ರಾ ಹಾಕಬೇಕು. ಒಂದು ಆಯಸ್ಕಾಂತಾನೂ ಆಡಿಸಿ ನೋಡು. ಅಂಟದ ಜಾಗದಲ್ಲಿ ಹಿಂದೆ ಯಾರೋ ಪುಟ್ಟಿ ತುಂಬಿರ್ತಾರೆ.

ಬಾಗಿಲಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಹೊರಗಿನ ಪತ್ರಾ ಕೆಳಗೆ ಬಂದು ಒಳಗಿನ ಪತ್ರಾದ ಅಂಚಿನ ಮೇಲೆ ಮಡಚಿಕೊಂಡಿರುತ್ತೆ. ಜಂಗು ಶುರುವಾಗೋದು ಆ ಮಡಿಕೆಯ ಒಳಗೆ. ಗಾಜಿನ ಪಕ್ಕದಿಂದ ಇಳಿದ ನೀರು ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ಕಂಡಿ ಬಿಟ್ಟಿರ್ತಾರೆ, ನಮ್ಮೂರ ಕೆಂಪು ಮಣ್ಣು ಅದನ್ನು ಮುಚ್ಚಿಬಿಡುತ್ತೆ, ನೀರು ಅಲ್ಲೇ ನಿಲ್ಲುತ್ತೆ. ಹಾಗಾಗಿ ಹೊರಗೆ ಗುಳ್ಳೆ ಕಂಡಿದೆ ಅಂದರೆ ಒಳಗೆ ಅದಕ್ಕಿಂತ ಜಾಸ್ತಿ ಆಗಿದೆ ಅಂತಲೇ ಲೆಕ್ಕ. ಡೋರ್ ಟ್ರಿಮ್ ಬಿಚ್ಚಿ ಟಾರ್ಚ್ ಹಾಕಿ ನೋಡು, ತಂತಿಯಿಂದ ಕಂಡಿ ಬಿಡಿಸು.

ತೂತಾಗದ ಜಾಗ ಮನೆಯಲ್ಲೇ ಮಾಡಬಹುದು. ವೈರ್ ಬ್ರಷ್, ಆಮೇಲೆ 80 ನಂಬರ್ ಎಮರಿ. ಪತ್ರಾ ಬೆಳ್ಳಿ ತರ ಹೊಳೆಯೋತನಕ ಉಜ್ಜು, ಗುಳ್ಳೆ ಇದ್ದ ಜಾಗದ ಸುತ್ತಲೂ ಬಣ್ಣ ತೆಗೆ. ಸಣ್ಣ ಗುಳಿಗಳಲ್ಲಿ ಉಳಿದ ಜಂಗಿಗೆ ರಸ್ಟ್ ಕನ್ವರ್ಟರ್ (ಜಂಗನ್ನು ಗಟ್ಟಿ ಪದರ ಮಾಡೋ ದ್ರಾವಣ) ಹಚ್ಚಿದರೆ ಕಪ್ಪಾಗುತ್ತೆ. ಸಡಿಲ ಪದರದ ಮೇಲೆ ಹಚ್ಚಿದರೆ ದುಡ್ಡು ದಂಡ. ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳ್ಳಗೆ ಪುಟ್ಟಿ. ಸಾದಾ ಪ್ರೈಮರ್ ತೇವ ಹೀರುತ್ತೆ, ಅದನ್ನು ಬಳಿದು ವಾರಗಟ್ಟಲೆ ಬಿಟ್ಟರೆ ಅಡಿಯಲ್ಲಿ ಮತ್ತೆ ಜಂಗು.

ಸಹ್ಯಾದ್ರಿ ಸವಾರ

ಇಷ್ಟೆಲ್ಲಾ ಯಾಕೆ ರೀ. ಫೈಬರ್ ಬಟ್ಟೆ, ರೆಸಿನ್ ತಂದು ತೂತಿಗೆ ಒಳಗಿಂದ ಅಂಟಿಸಿ, ಮೇಲೆ ಪುಟ್ಟಿ, ಕೆಳಗೆ ಡಾಂಬರ್ ಕೋಟಿಂಗ್. ನನ್ನ ಗಾಡಿ ಹಾಗೇ ಓಡ್ತಿದೆ. ಹಳೇ ಗಾಡಿಗೆ ಅಷ್ಟು ಸಾಕಲ್ವಾ?

ಪತ್ರಾ ಕಾಕಾ

ಬಾಗಿಲಿಗಾದರೆ ನಡೆಯುತ್ತೆ ಅನ್ನಬಹುದು, ತಳಕ್ಕೆ ಬೇಡವೇ ಬೇಡ. 800ಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತಳದ ಪತ್ರಾ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಸೀಟ್ ಬೋಲ್ಟ್ ಕೂತಿರೋ ಜಾಗ, ಬೆಲ್ಟ್ ಕಟ್ಟಿರೋ ಜಾಗ, ಇವೇ ಡಿಕ್ಕಿಯಾದಾಗ ಗಾಡಿಯನ್ನು ಹಿಡಿದಿಡೋದು. ಫೈಬರ್ ಅಲ್ಲಿ ಬರೀ ತೂತು ಮುಚ್ಚುತ್ತೆ, ಬಲ ಕೊಡಲ್ಲ. ಜಂಗಿನ ಮೇಲೆ ಡಾಂಬರ್ ಬಳಿದರೆ ತೇವ ಒಳಗೇ ಉಳಿಯುತ್ತೆ, ತಿನ್ನೋದು ಕಣ್ಣಿಗೆ ಕಾಣಲ್ಲ ಅಷ್ಟೇ.

ತಿಲಕವಾಡಿ ತಮ್ಮಾ, ನಿನಗೆ ದುಡ್ಡು ಉಳಿಯೋ ದಾರಿ ಇದು. ಸೀಟು, ಕಾರ್ಪೆಟ್, ಅದರ ಕೆಳಗಿನ ನಾರಿನ ಪ್ಯಾಡ್ ಎಲ್ಲಾ ನೀನೇ ತೆಗಿ (ಆ ಪ್ಯಾಡ್ ಒಮ್ಮೆ ನೆನೆದರೆ ತಿಂಗಳಾದರೂ ಒಣಗಲ್ಲ, ತಳ ತಿಂದದ್ದು ಅದೇ ಇರಬೇಕು). ಕೆಟ್ಟ ಪತ್ರಾ ಗಟ್ಟಿ ಅಂಚು ಸಿಗೋತನಕ ಕತ್ತರಿಸಿ, ರಟ್ಟಿನಲ್ಲಿ ಅಳತೆ ತಗೊಂಡು 20 ಗೇಜ್ ದಪ್ಪದ ಸಿಆರ್ (ಸತು ಲೇಪವಿಲ್ಲದ ಸಾದಾ ಉಕ್ಕಿನ) ಶೀಟ್‌ನಲ್ಲಿ ತುಂಡು ಮಾಡಿಸಿಕೋ. ಜಿಐ (ಸತು ಲೇಪದ) ಶೀಟ್ ಬೇಡ, ವೆಲ್ಡಿಂಗ್‌ನಲ್ಲಿ ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತೆ. ಆಮೇಲೆ ಟಿಂಕರ್ ಹತ್ತಿರ ಬರೀ ವೆಲ್ಡಿಂಗ್ ಮಾಡಿಸು. ಗ್ಯಾಸ್ ವೆಲ್ಡಿಂಗ್ ಬೇಡ, ಸಿಒ2 ವೆಲ್ಡಿಂಗ್ ಕೇಳು, ತೆಳು ಪತ್ರಾ ಗ್ಯಾಸಿನ ಬಿಸಿಗೆ ಸೊಟ್ಟ ಆಗುತ್ತೆ. ಸಣ್ಣ ಸಣ್ಣ ಟಾಕಾ ಹಾಕಿ, ಒಂದು ಇಲ್ಲಿ ಒಂದು ಅಲ್ಲಿ, ಆರೋಕೆ ಬಿಡಬೇಕು. ಬ್ಯಾಟರಿ ವೈರ್ ಬಿಚ್ಚಿರಬೇಕು, ಪೆಟ್ರೋಲ್ ಪೈಪ್ ತಳದಲ್ಲೇ ಹಾದುಹೋಗುತ್ತೆ, ಅದನ್ನು ನೋಡದೆ ಕಿಡಿ ಹಾರಿಸಬೇಡಿ.

ಕೆಎ28 ಬಿಸಿಲು

ವಿಜಯಪುರದಿಂದ. ಬಾಗಿಲಿಗೆ ಇಷ್ಟು ಕಷ್ಟ ಪಡೋದಕ್ಕಿಂತ ನಮ್ಮ ಕಡೆ ಗುಜರಿಯಲ್ಲಿ ಹುಡುಕಿ. ಇಲ್ಲಿ ಮಳೆ ಕಡಿಮೆ, ಬಣ್ಣ ಬಿಸಿಲಿಗೆ ಸುಟ್ಟಿರುತ್ತೆ ಆದರೆ ಪತ್ರಾ ಗಟ್ಟಿ ಇರುತ್ತೆ. ಗೋವಾ ಕಡೆಯಿಂದ ಬಂದ ಬಾಗಿಲು ಅಗ್ಗ ಅಂತ ತಗೋಬೇಡಿ, ಉಪ್ಪುಗಾಳಿ ತಿಂದಿರುತ್ತೆ. 1986ಕ್ಕೆ ಮುಂಚಿನ ಹಳೇ ಬಾಡಿಯ ಬಾಗಿಲು ನಿಮ್ಮದಕ್ಕೆ ಕೂರಲ್ಲ, ಅದೊಂದು ನೋಡಿಕೊಳ್ಳಿ. ಬಣ್ಣ ಮಾತ್ರ ಇದ್ದದ್ದೇ ಹೊಡೆಸಿ, ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು.

ಇನ್ನೊಂದು, ಪಿಯು (ಪಾಲಿಯುರೆಥೇನ್, ಹಾರ್ಡನರ್ ಬೆರೆಸಿ ಹೊಡೆಯೋ) ಪೇಂಟ್ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ, ಧೂಳಿನ ಮಾಸ್ಕ್ ಅದನ್ನು ತಡೆಯಲ್ಲ, ಒಮ್ಮೆ ಅಸ್ತಮಾ ಅಂಟಿದರೆ ಬಿಡಲ್ಲ. ಉಜ್ಜೋವಾಗ ಮಾಸ್ಕ್, ಕನ್ನಡಕ ಬೇಕೇ ಬೇಕು.

ತಿಲಕವಾಡಿ800

ಕಾಕಾ, ಬಡಿದು ನೋಡಿದೆ. ರನ್ನಿಂಗ್ ಬೋರ್ಡ್ ಎರಡೂ ಕಡೆ ಟಣ್ ಅಂತು, ಉಸಿರು ಬಂತು. ಪ್ಯಾಡ್ ತೆಗೆದೆ, ಹಿಂಡಿದರೆ ನೀರು! ತಮ್ಮನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ ಹೊರಗಿಂದ ಪೈಪ್ ಹಿಡಿದೆ. ಮುಂದಿನ ಗಾಜಿನ ಕೆಳಗಿನ ಮೂಲೆಯಲ್ಲಿ ರಬ್ಬರ್ ಹತ್ತಿರ ಸಣ್ಣಗೆ ಇಳಿಯುತ್ತಿದೆ. ಅಲ್ಲಿ ಸಿಲಿಕಾನ್ ತುಂಬಿ ತಳದ ಕೆಲಸ ಶುರು ಮಾಡಲಾ?

ಪತ್ರಾ ಕಾಕಾ

ಸಿಲಿಕಾನ್ ಬೇಡ. ಗಾಜು ಬಿಚ್ಚಿಸಿ ರಬ್ಬರ್ ಹೊಸದು ಹಾಕಿಸು. ಅಲ್ಲಿ ನೀರು ಇಳಿಯುತ್ತಿದೆ ಅಂದರೆ ರಬ್ಬರ್ ಕೆಳಗಿನ ಅಂಚೂ ಜಂಗು ಹಿಡಿದಿರಬಹುದು, ಗಾಜು ತೆಗೆದಾಗಲೇ ಗೊತ್ತಾಗೋದು. ಅದಕ್ಕೂ ವೆಲ್ಡಿಂಗ್ ಬೇಕಾದರೆ ತಳದ ಜೊತೆಗೇ ಒಂದೇ ಸಲ ಮಾಡಿಸು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಸ ತುಂಬಿದೆಯಾ ಅದನ್ನೂ ನೋಡು. ಗಾಜಿನ ಕೆಲಸದವನಿಗೆ ಹಳೇ ರಬ್ಬರ್ ಕೊಯ್ದು ತೆಗಿ ಅಂತ ಮೊದಲೇ ಹೇಳು, ಮೀಟಿ ಎಬ್ಬಿಸೋಕೆ ಹೋದರೆ ಗಾಜು ಹೋಗುತ್ತೆ.