ಪಾದ್ರಿಯಾಗಿದ್ದುಕೊಂಡೇ ಟೆಸ್ಟ್ ಆಡಿದ ಡೇವಿಡ್ ಶೆಪರ್ಡ್: ಭಾನುವಾರ, ರಜೆ, ಅಭ್ಯಾಸದ ಲೆಕ್ಕ ಹೇಗೆ?

ಗೂಗ್ಲಿಪ್ರಿಯ
ಸ್ಕೋರ್ 111 ಆದಾಗ ಕಾಲೆತ್ತುತ್ತಿದ್ದ ಅದೇ ಹೆಸರಿನ ಅಂಪೈರ್ ಅಲ್ಲ. ಮುಂದೆ ಲಿವರ್‌ಪೂಲ್‌ನ ಬಿಷಪ್ ಆದ ಸಸೆಕ್ಸ್ ಬ್ಯಾಟ್ಸ್‌ಮನ್ ಬಗ್ಗೆ ಕೇಳುತ್ತಿದ್ದೇನೆ. ಕ್ವಿಜ್‌ಗೆ ಪ್ರಶ್ನೆ ಮಾಡಬೇಕಿದೆ. ‘ಟೆಸ್ಟ್ ಆಡಿದ ಮೊದಲ ಪಾದ್ರಿ’ ಅಂತ ಬರೆದರೆ ಸರಿಯಾ? ಭಾನುವಾರ ಪಂದ್ಯ ಬಂದರೆ ಏನು ಮಾಡುತ್ತಿದ್ದರು? ಚರ್ಚ್ ಕೆಲಸದ ನಡುವೆ ಐದು ದಿನದ ಆಟಕ್ಕೆ ಬಿಡುವು ಎಲ್ಲಿಂದ?

ಹಳೇ ಸ್ಕೋರ್‌ಬುಕ್
ಹಾಗೇ ಬರೆದರೆ ತಕರಾರು ಬರುತ್ತೆ. 1879ರಲ್ಲಿ ಆಡಿದ ವರ್ನನ್ ರಾಯ್ಲ್, 1929ರಲ್ಲಿ ಆಡಿದ ಟಾಮ್ ಕಿಲಿಕ್ ಕೂಡ ಪಾದ್ರಿಗಳೇ, ಆದರೆ ಪಾದ್ರಿ ದೀಕ್ಷೆ ಪಡೆದದ್ದು ಟೆಸ್ಟ್ ಆಡಿದ ಮೇಲೆ. ಶೆಪರ್ಡ್ ಮೊದಲ ಟೆಸ್ಟ್ ಕೂಡ 1950ರದ್ದು, ದೀಕ್ಷೆ 1955ರಲ್ಲಿ. ಹಾಗಾಗಿ ‘ದೀಕ್ಷೆಯ ನಂತರ ಟೆಸ್ಟ್ ಆಡಿದ ಮೊದಲಿಗ’ ಅಂತ ಹಾಕಿ. ಆ ಪಂದ್ಯ 1956ರ ಓಲ್ಡ್ ಟ್ರಾಫರ್ಡ್, ಆಸ್ಟ್ರೇಲಿಯಾ ವಿರುದ್ಧ.

ಇಂಗ್ಲೆಂಡ್ ಸ್ಪಿನ್ನರ್ ಜಿಮ್ ಲೇಕರ್ 19 ವಿಕೆಟ್ ಕಿತ್ತ ಪಂದ್ಯ ಅಂತ ಎಲ್ಲರಿಗೂ ಗೊತ್ತು. ಮೂರನೇ ಕ್ರಮಾಂಕದಲ್ಲಿ ಬಂದ ಶೆಪರ್ಡ್ 113 ಹೊಡೆದದ್ದನ್ನು ಯಾರೂ ನೆನೆಯುವುದಿಲ್ಲ. ಚೆಂಡು ತಿರುಗುವ ಆ ಪಿಚ್‌ನಲ್ಲಿ ಇಂಗ್ಲೆಂಡ್ ಮೊದಲು 459 ಪೇರಿಸಿತ್ತು. ಅದಕ್ಕೇ ಲೇಕರ್‌ಗೆ ರನ್ ಚಿಂತೆಯಿಲ್ಲದೆ ಬ್ಯಾಟ್ಸ್‌ಮನ್ ಸುತ್ತ ಫೀಲ್ಡರ್‌ಗಳನ್ನು ನಿಲ್ಲಿಸಲು ಆದದ್ದು.

ಮೂರು ಟೆಸ್ಟ್ ಶತಕಗಳಲ್ಲಿ ಎರಡು ದೀಕ್ಷೆಯ ನಂತರದವು. ಅತಿ ಹೆಚ್ಚಿನ 119 ಮಾತ್ರ ಮೊದಲಿನದು, ನಮ್ಮವರ ವಿರುದ್ಧವೇ, 1952ರಲ್ಲಿ ಓವಲ್‌ನಲ್ಲಿ. ಅಲ್ಲಿ ನಾವು 98ಕ್ಕೆ ಆಲೌಟ್. ಸೋಲು ತಪ್ಪಿದ್ದು ಮಳೆಯಿಂದ.

ಸ್ಲಿಪ್ ಕಾರ್ಡನ್
ಭಾನುವಾರ ಸಮಸ್ಯೆಯೇ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಆಗ ಟೆಸ್ಟ್ ಸಾಮಾನ್ಯವಾಗಿ ಗುರುವಾರ ಶುರು, ಶನಿವಾರದವರೆಗೆ ಆಟ, ಭಾನುವಾರ ವಿಶ್ರಾಂತಿ, ಮತ್ತೆ ಸೋಮವಾರ, ಮಂಗಳವಾರ. ಕೌಂಟಿ ಚಾಂಪಿಯನ್‌ಷಿಪ್‌ನಲ್ಲೂ ಭಾನುವಾರದ ಆಟ ಬಂದದ್ದು 1966ರಲ್ಲಿ. 1962–63ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಆ ಬಿಡುವಿನ ದಿನ ಅವರು ಚರ್ಚ್‌ಗಳಲ್ಲಿ ಪ್ರವಚನ ಕೊಡುತ್ತಿದ್ದರು.

ಕಷ್ಟವಿದ್ದದ್ದು ಬಿಡುವಿನದು. ಲಂಡನ್ನಿನ ಇಸ್ಲಿಂಗ್ಟನ್‌ನ ಸೇಂಟ್ ಮೇರೀಸ್ ಚರ್ಚ್‌ನಲ್ಲಿ ಸಹಾಯಕ ಪಾದ್ರಿ, ಆಮೇಲೆ ಅಲ್ಲಿನ ಕ್ಯಾನಿಂಗ್ ಟೌನ್‌ನ ಮೇಫ್ಲವರ್ ಸಮುದಾಯ ಕೇಂದ್ರದ ವಾರ್ಡನ್. ಹವ್ಯಾಸಿ ಆಟಗಾರ ಆದ್ದರಿಂದ ಇಡೀ ಸೀಸನ್ ಆಡಲೇಬೇಕೆಂಬ ಕರಾರಿರಲಿಲ್ಲ. ರಜೆ ಇದ್ದಷ್ಟು ದಿನ ಆಡಿದರು. 1962ರಲ್ಲಿ ಮಾತ್ರ ದೀರ್ಘ ರಜೆ ಪಡೆದು, ಲಾರ್ಡ್ಸ್‌ನ ಕೊನೆಯ ಜೆಂಟಲ್‌ಮೆನ್–ಪ್ಲೇಯರ್ಸ್ (ಹವ್ಯಾಸಿಗಳು–ವೃತ್ತಿಪರರು) ಪಂದ್ಯದಲ್ಲಿ 112 ಹೊಡೆದು ಆ ಆಸ್ಟ್ರೇಲಿಯಾ ಪ್ರವಾಸಕ್ಕೆ ಆಯ್ಕೆಯಾದರು.

ಇಷ್ಟು ಕಡಿಮೆ ಆಡಿದರೆ ಮೊದಲು ಕೆಡುವುದು ಫೀಲ್ಡಿಂಗ್. ಬ್ಯಾಟಿಂಗ್ ತಂತ್ರ ಕೈಯಲ್ಲಿ ಉಳಿಯುತ್ತೆ, ಕ್ಯಾಚ್ ಹಿಡಿಯುವ ಚುರುಕು ಉಳಿಯಲ್ಲ. ಆ ಪ್ರವಾಸದಲ್ಲಿ ಅವರು ಕೈಚೆಲ್ಲಿದ ಕ್ಯಾಚ್‌ಗಳು ದೊಡ್ಡ ಸುದ್ದಿಯಾದವು. ಮೆಲ್ಬರ್ನ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ ಬೇರೆ. ಆದರೆ 234ರ ಗುರಿ ಬೆನ್ನಟ್ಟುವಾಗ ಅದೇ ಮನುಷ್ಯ 113 ಬಾರಿಸಿ ಗೆಲುವಿನ ಹೊಸ್ತಿಲಲ್ಲಿ ರನ್‌ಔಟ್. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಇನಿಂಗ್ಸ್ ಅದೇ.

ಗೂಗ್ಲಿಪ್ರಿಯ
ಇಬ್ಬರಿಗೂ ಧನ್ಯವಾದ. ದಕ್ಷಿಣ ಆಫ್ರಿಕಾ ವಿಷಯವೂ ಸೇರಿಸಬಹುದಾ?

ಹಳೇ ಸ್ಕೋರ್‌ಬುಕ್
ಸೇರಿಸಲೇಬೇಕು ಸರ್, ಆದರೆ ಇಸವಿಗಳು ಕಲಸದಂತೆ ನೋಡಿಕೊಳ್ಳಿ. 1960ರಲ್ಲಿ ವರ್ಣಭೇದ ನೀತಿ ವಿರೋಧಿಸಿ ದಕ್ಷಿಣ ಆಫ್ರಿಕಾ ವಿರುದ್ಧ ಆಡಲು ಒಲ್ಲೆ ಎಂದದ್ದು. ಮಿಶ್ರ ವರ್ಣದ ಆಟಗಾರ ಡಿಒಲಿವೆರಾ ಇದ್ದರೆಂದು ಇಂಗ್ಲೆಂಡ್ ತಂಡಕ್ಕೆ ದಕ್ಷಿಣ ಆಫ್ರಿಕಾ ಬಾಗಿಲು ಮುಚ್ಚಿದ ಪ್ರಕರಣದ ನಂತರ, ಆಗ ಇಂಗ್ಲೆಂಡ್ ತಂಡವನ್ನು ಪ್ರವಾಸಕ್ಕೆ ಕಳಿಸುತ್ತಿದ್ದ ಎಂಸಿಸಿ ಕ್ಲಬ್‌ನ ವಿಶೇಷ ಸಭೆಯಲ್ಲಿ ಆಡಳಿತದ ವಿರುದ್ಧ ನಿಂತದ್ದು 1968ರ ಡಿಸೆಂಬರ್, ಜೊತೆಗೆ ಮುಂದೆ ಇಂಗ್ಲೆಂಡ್ ನಾಯಕನಾದ ಮೈಕ್ ಬ್ರಿಯರ್ಲಿ. ಮತದಲ್ಲಿ ಸೋತರು. 1970ರ ದಕ್ಷಿಣ ಆಫ್ರಿಕಾ ತಂಡದ ಇಂಗ್ಲೆಂಡ್ ಪ್ರವಾಸ ಕೊನೆಗೆ ರದ್ದಾಯಿತು.