ಹಬ್‌ನಿಂದ ಎಣ್ಣೆ ‘ಸೋರುವುದು’, ‘ಒಸರುವುದು’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಮಾನ್ಯ ಸದಸ್ಯರಿಗೆ ನಮಸ್ಕಾರ.

ಲಾರಿ ಚಾಲಕರಿಗೂ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಉಪಯೋಗವಾಗಲೆಂದು, ಹಿಂದಿನ ಚಕ್ರದ ಹಬ್‌ನಿಂದ (ಚಕ್ರವನ್ನು ಕೂರಿಸುವ ನಡುಭಾಗದಿಂದ) ಎಣ್ಣೆ ಹೊರಬರುವ ದೋಷವನ್ನು ಗುರುತಿಸಿ ಸರಿಪಡಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಬ್, ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಬಳೆ), ಬೇರಿಂಗ್, ಡ್ರಮ್, ಲೈನರ್ (ಡ್ರಮ್ಮಿಗೆ ಒತ್ತಿ ಬ್ರೇಕ್ ಹಿಡಿಯುವ ಪಟ್ಟಿ) ಮುಂತಾದ ಹೆಸರುಗಳನ್ನು ಗ್ಯಾರೇಜಿನಲ್ಲಿ ಇರುವಂತೆಯೇ ಉಳಿಸಿಕೊಂಡಿದ್ದೇನೆ. ಅವುಗಳಿಗೆ ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ನನ್ನ ಪ್ರಶ್ನೆ ಇರುವುದು ಕ್ರಿಯಾಪದದ ಬಗ್ಗೆ.

ಚಾಲಕರು ಸಾಮಾನ್ಯವಾಗಿ ‘ಹಬ್ ಸೋರ್ತಾ ಇದೆ’ ಅಥವಾ ‘ಹಬ್ ಲೀಕ್ ಆಗ್ತಿದೆ’ ಎನ್ನುತ್ತಾರೆ. ‘ಸೋರು’ ಎಂಬುದು ಪಾತ್ರೆಗೂ ಅದರೊಳಗಿನ ದ್ರವಕ್ಕೂ ಒಪ್ಪುತ್ತದೆ: ಕೊಡವೂ ಸೋರುತ್ತದೆ, ನೀರೂ ಸೋರುತ್ತದೆ. ‘ಒಸರು’, ‘ಜಿನುಗು’ ಹಾಗಲ್ಲ. ‘ಹಬ್ ಒಸರುತ್ತಿದೆ’ ಎಂಬುದು ನನ್ನ ಕಿವಿಗೆ ಒಗ್ಗುವುದಿಲ್ಲ. ‘ಎಣ್ಣೆ ಒಸರುತ್ತಿದೆ’ ಎನ್ನಬೇಕು, ಹಾಗೆಂದೊಡನೆ ಎಲ್ಲಿಂದ ಎಂಬುದನ್ನೂ ಹೇಳಬೇಕಾಗುತ್ತದೆ. ಈ ದೋಷದ ಪತ್ತೆಯಲ್ಲಿ ಮೊದಲು ತಿಳಿಯಬೇಕಾದದ್ದು ಅದೇ.

ಭಾರದ ಲಾರಿಗಳಲ್ಲಿ ಹಿಂದಿನ ಹಬ್ ಎರಡು ಟೇಪರ್ ರೋಲರ್ ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಚಕ್ರವನ್ನು ತಿರುಗಿಸುವ ಆಕ್ಸಲ್ ಶಾಫ್ಟಿನ ಫ್ಲ್ಯಾಂಜನ್ನು (ತುದಿಯ ಅಗಲ ಬಿಲ್ಲೆಯನ್ನು) ಹಬ್‌ನ ಹೊರಮುಖಕ್ಕೆ ಸ್ಟಡ್‌ಗಳಿಂದ ಬಿಗಿದು, ನಡುವೆ ಎಣ್ಣೆ ತಡೆಯಲು ಪ್ಯಾಕಿಂಗ್ ಕೊಟ್ಟಿರುತ್ತಾರೆ. ಫ್ಲ್ಯಾಂಜಿನ ಸುತ್ತ ಧೂಳು ಮೆತ್ತಿದ ಜಿಡ್ಡು ಕಾಣಿಸಿ, ಅಲ್ಲಿಂದ ಎಣ್ಣೆಯ ಗೆರೆಗಳು ರಿಮ್ಮಿನ ಕಡೆಗೆ ಚಾಚಿದ್ದರೆ ಪ್ಯಾಕಿಂಗ್ ಹೋಗಿರಬೇಕು, ಇಲ್ಲವೇ ಸ್ಟಡ್ ಸಡಿಲಾಗಿರಬೇಕು. ಹೊರಮುಖ ಒಣಗಿದ್ದು, ಡ್ರಮ್ಮಿನ ಹಿಂಬದಿ ಮತ್ತು ಟೈರಿನ ಒಳಮೈ ಒದ್ದೆಯಾಗಿದ್ದರೆ, ಸಂಶಯಪಡಬೇಕಾದದ್ದು ಒಳಗಿನ ಆಯಿಲ್ ಸೀಲನ್ನು. ಹೀಗೆ ಹೊರಬರುವ ಗೇರ್ ಆಯಿಲಿಗೆ ಗಂಧಕದ ಘಾಟು ಇರುವುದರಿಂದ ಮೂಗೂ ನೆರವಿಗೆ ಬರುತ್ತದೆ.

ಒರೆಸಿದ ಮೇಲೆ ಮತ್ತೆ ಪಸೆ ಮಾತ್ರ ಮೂಡಿದರೆ ‘ಒಸರು’, ಹನಿ ಕಟ್ಟಿ ಬಿದ್ದರೆ ‘ತೊಟ್ಟಿಕ್ಕು’, ಎಣ್ಣೆ ಇಳಿದು ಹರಿಯುತ್ತಿದ್ದರೆ ‘ಸೋರು’ ಎಂದು ನಾನು ಮೂರು ಹಂತ ಮಾಡಿಕೊಂಡಿದ್ದೇನೆ. ಹೊರಗಿನ ಪ್ಯಾಕಿಂಗಿನ ಮಟ್ಟಿಗೆ ಈ ವಿಂಗಡಣೆ ಸಾಕು. ಒಳಗಿನ ಸೀಲಿನ ವಿಷಯದಲ್ಲಿ ಮಾತ್ರ ಇದು ನನ್ನನ್ನು ಕಾಡುತ್ತಿದೆ. ಅಲ್ಲಿ ಒಸರಿದ ಎಣ್ಣೆ ನೆಲಕ್ಕೆ ಬೀಳುವ ಮೊದಲೇ ಲೈನರಿಗೆ ಹತ್ತುತ್ತದೆ, ಲೈನರ್ ಎಣ್ಣೆ ಕುಡಿದರೆ ಆ ಚಕ್ರದ ಬ್ರೇಕ್ ಹಿಡಿಯುವುದಿಲ್ಲ. ‘ಒಸರುತ್ತಿದೆ’ ಎಂದು ಓದಿದ ಚಾಲಕ ‘ಸ್ವಲ್ಪ ತಾನೆ, ಈ ಟ್ರಿಪ್ ಮುಗಿಸಿ ನೋಡೋಣ’ ಎಂದುಕೊಂಡು ಘಾಟಿ ಇಳಿಸಿದರೆ, ನನ್ನ ಪದದ ಆಯ್ಕೆಯೇ ಅವನಿಗೆ ಅಪಾಯ ತಂದಂತಾಗುತ್ತದೆ.

ರಿಪೇರಿಯ ಭಾಗದಲ್ಲಿ ತೊಡಕು ಕಡಿಮೆ. ಸೀಲಿನ ಅಂಚನ್ನು ‘ತುಟಿ’ ಎಂದಿದ್ದೇನೆ: ಹೊಸ ಸೀಲನ್ನು ಓರೆಯಾಗದಂತೆ ಕೂರಿಸಬೇಕು, ತುಟಿ ಎಣ್ಣೆಯಿರುವ ಕಡೆಗೆ ಮುಖ ಮಾಡಿರಬೇಕು, ಅದಕ್ಕೆ ಮೊದಲೇ ಗ್ರೀಸ್ ಸವರಿರಬೇಕು. ಹಳೆಯ ತುಟಿ ಉಜ್ಜಿದ ಜಾಗದಲ್ಲಿ ಉಗುರು ಆಡಿಸಿ ನೋಡಿದಾಗ ಅದು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ಆ ಮೈಯನ್ನು ಮೊದಲು ಸರಿಪಡಿಸಬೇಕು. ಬೇರಿಂಗಿನ ಪ್ಲೇ (ಅಲುಗಾಟ) ಹೆಚ್ಚಿದ್ದರೂ, ಆಕ್ಸಲ್ ಹೌಸಿಂಗಿನ ಬ್ರೀದರ್ (ಗಾಳಿಕಿಂಡಿ) ಮಣ್ಣು ಕಟ್ಟಿ ಒಳಗೆ ಒತ್ತಡ ಏರಿದರೂ, ಆಕ್ಸಲ್‌ಗೆ ಎಣ್ಣೆ ಮಟ್ಟ ಮೀರಿ ಸುರಿದಿದ್ದರೂ ಹೊಸ ಸೀಲೂ ಉಳಿಯುವುದಿಲ್ಲ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿಯನ್ನು ಬಿಡಲೇಬೇಕು. ಅದೇ ಆಕ್ಸಲ್‌ನ ಎರಡೂ ಬದಿಗೆ ಹೊಸದನ್ನೇ ಹಾಕಬೇಕೆಂದು ಬರೆದಿದ್ದೇನೆ.

ಸದಸ್ಯರಲ್ಲಿ ನಾನು ಕೇಳುವುದು ಇಷ್ಟು. ನಿಮ್ಮ ಕಡೆಯ ಮಾತಿನಲ್ಲಿ ‘ಒಸರು’ ಎಂದರೆ ಬರೀ ಅಲ್ಪ ಪ್ರಮಾಣ ಎಂಬ ಅರ್ಥ ಬರುತ್ತದೆಯೇ, ಅಥವಾ ನಿಲ್ಲದೆ ಬರುತ್ತಲೇ ಇರುತ್ತದೆ ಎಂಬ ಧ್ವನಿಯೂ ಇದೆಯೇ? ಕರಾವಳಿ, ಮಲೆನಾಡು, ಬಯಲುಸೀಮೆ, ಉತ್ತರ ಕರ್ನಾಟಕಗಳ ಬಳಕೆ ಬೇರೆಬೇರೆಯಾಗಿದ್ದರೆ ಉದಾಹರಣೆ ವಾಕ್ಯ ಸಹಿತ ತಿಳಿಸಿ. ‘ಒಸರು’ ಹಗುರವಾಗಿ ಕೇಳಿಸುವುದಾದರೆ, ಒಳಗಿನ ಸೀಲಿನ ಭಾಗದಲ್ಲಿ ಹಂತಗಳನ್ನು ಕೈಬಿಟ್ಟು, ಪಸೆ ಕಂಡರೂ ‘ಸೀಲ್ ಸೋರುತ್ತಿದೆ, ಗಾಡಿ ನಿಲ್ಲಿಸಿ’ ಎಂದೇ ಬರೆಯುತ್ತೇನೆ.