ಮರುವಾಯಿ ಮರಿ ಎಲ್ಲಿಗೂ ತೇಲಿ ಹೋಗುತ್ತದೆ ಅಂದಮೇಲೆ ಜೀನ್ ಅಧ್ಯಯನ ಯಾಕೆ?

ಅಳಿವೆಬಾಗಿಲು:
ಪಿಎಚ್‌ಡಿ ಮೊದಲ ವರ್ಷ. ಮೂಲ್ಕಿ, ಉದ್ಯಾವರ, ಗಂಗೊಳ್ಳಿ, ಅಘನಾಶಿನಿ ಅಳಿವೆಗಳ ಮರುವಾಯಿ (ತಿನ್ನುವ ಎರಡು ಚಿಪ್ಪಿನ ಜೀವಿ) ಎಲ್ಲ ಒಂದೇ ಗುಂಪೋ, ಬೇರೆ ಬೇರೆಯೋ ಅಂತ ಡಿಎನ್‌ಎ ಮೂಲಕ ನೋಡಬೇಕು ಅಂದುಕೊಂಡಿದ್ದೇನೆ. ಮೊನ್ನೆ ಸೆಮಿನಾರಿನಲ್ಲಿ ಒಬ್ಬರು, "ಮರಿಗಳು ನೀರಲ್ಲಿ ತೇಲುತ್ತವೆ, ಎಲ್ಲ ಕಡೆ ಒಂದೇ ಇರುತ್ತದೆ, ವ್ಯತ್ಯಾಸ ಸಿಗದಿದ್ದರೆ ಏನು ಬರೆಯುತ್ತೀರಿ?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಇದರ ಜೊತೆಗೆ ಪರೀಕ್ಷೆಗೆ ಅಂತ ತೆಗೆದ ಡಿಎನ್‌ಎ ಅರ್ಧಕ್ಕರ್ಧ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಬ್ಯಾಂಡ್ ಕೊಡಲೇ ಇಲ್ಲ, ಅಂದರೆ ನಕಲು ಆಗಲೇ ಇಲ್ಲ. ಯಾರಾದರೂ ದಾರಿ ಹೇಳಿ.

ನೀಲಿಕಲ್ಲು:
ಪ್ರಶ್ನೆ ಸರಿಯಾಗಿಯೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ "ಜೀನ್ ಒಂದೇ" ಅನ್ನುವುದೂ "ಮರುವಾಯಿ ಮತ್ತೆ ತುಂಬಿಕೊಳ್ಳುತ್ತದೆ" ಅನ್ನುವುದೂ ಬೇರೆ ಬೇರೆ ಮಾತು. ಒಂದು ತಲೆಮಾರಿಗೆ ಬೆರಳೆಣಿಕೆಯಷ್ಟು ಮರಿಗಳು ಆಚೆಯಿಂದ ಬಂದು ನೆಲೆ ನಿಂತರೂ ಸಾಕು, ಎಫ್‌ಎಸ್‌ಟಿ (ಗುಂಪುಗಳ ನಡುವಿನ ಜೀನ್ ವ್ಯತ್ಯಾಸದ ಅಳತೆ) ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಬೆರಳೆಣಿಕೆಯ ಮರಿಯಿಂದ ಯಾರ ಬುಟ್ಟಿಯೂ ತುಂಬುವುದಿಲ್ಲ ಅಲ್ವಾ? ಒಂದು ಅಳಿವೆಯಲ್ಲಿ ಬಾಚಿ ಖಾಲಿ ಮಾಡಿದರೆ ಪಕ್ಕದ ಅಳಿವೆ ಅದನ್ನು ತುಂಬಿಕೊಡುತ್ತದಾ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ ಆಗಲಿ.

ಅದಕ್ಕೆ ಜಾಗ ಹೆಚ್ಚಿಸುವುದಕ್ಕಿಂತ ಕಾಲ ಹೆಚ್ಚಿಸಿ. ಇಂಥ ಪ್ರಾಣಿಗಳು ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತವೆ, ಆದರೆ ಆ ವರ್ಷದ ಮರಿಗಳೆಲ್ಲ ಕೆಲವೇ ತಂದೆತಾಯಿಗಳದ್ದು ಆಗಿರಬಹುದು ಅಂತ ಹೆಜ್‌ಕಾಕ್ ಅನ್ನುವ ವಿಜ್ಞಾನಿ 1994ರಲ್ಲಿ ವಾದ ಮಂಡಿಸಿದರು. ಒಂದೇ ಜಾಗದ ಮರಿಗಳನ್ನೂ ದೊಡ್ಡವನ್ನೂ ಬೇರೆ ಬೇರೆ ತೆಗೆದು, ಎರಡು ಮೂರು ವರ್ಷ ನೋಡಿದರೆ ಅದು ಕಾಣಬಹುದು. ಪ್ರವಾಹವನ್ನೂ ಮರೆಯಬೇಡಿ. ನಮ್ಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ಮೊಟ್ಟೆ ಬಿಡುವ ತಿಂಗಳು ಗೊತ್ತಿಲ್ಲದೆ ನಕ್ಷೆಯಲ್ಲಿ ಬಾಣ ಎಳೆದರೆ ಸುಮ್ನೆ ಊಹೆ. ಸಿಓಐ (ಮೈಟೊಕಾಂಡ್ರಿಯದ ಒಂದು ಜೀನ್) ಒಂದನ್ನೇ ನಂಬಬೇಡಿ, ದುಡ್ಡು ಸಿಕ್ಕರೆ ಡಿಡಿ-ರ್‍ಯಾಡ್ ಮಾಡಿಸಿ, ಅದು ಜೀನೋಮಿನ ಅಲ್ಲಲ್ಲಿನ ತುಣುಕುಗಳನ್ನು ಓದುವ ವಿಧಾನ, ಹೋಲಿಸಲು ಸಾವಿರಾರು ಗುರುತು ಸಿಗುತ್ತವೆ.

ಪಿಪೆಟ್ಟು:
ಬ್ಯಾಂಡ್ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ಆರು ತಿಂಗಳು ಕಳೆದಿದ್ದೇನೆ. ಮರುವಾಯಿಯ ಲೋಳೆ ಡಿಎನ್‌ಎ ಜೊತೆಗೇ ಬಂದು ಪಿಸಿಆರ್ ತಡೆಯುತ್ತದೆ. ಆ ಲೋಳೆಯನ್ನು ಬೇರ್ಪಡಿಸಿ ಡಿಎನ್‌ಎ ತೆಗೆಯುವ ಸಿಟಿಎಬಿ ವಿಧಾನಕ್ಕೆ ಹೋಗಿ. ಅದಕ್ಕೂ ಮೊದಲು ಈಗ ಇರುವ ಡಿಎನ್‌ಎಯನ್ನೇ ಹತ್ತು ಪಟ್ಟು ತೆಳು ಮಾಡಿ ಓಡಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಬ್ಯಾಂಡ್ ಬರುತ್ತದೆ. ಇನ್ನೊಂದು, ಇಡೀ ಮರುವಾಯಿಯನ್ನು ಹಾಗೇ ಆಲ್ಕೋಹಾಲಿಗೆ ಹಾಕಿದರೆ ಅದು ಬಾಯಿ ಬಿಗಿದುಕೊಳ್ಳುತ್ತದೆ, ಆಲ್ಕೋಹಾಲ್ ಒಳಗೆ ಹೋಗುವುದೇ ಇಲ್ಲ, ಮಾಂಸ ಒಳಗೊಳಗೇ ಕೊಳೆಯುತ್ತದೆ. ಅಡುಗೆಗೆ ಮೆಟ್ಟುಕತ್ತಿಯಲ್ಲಿ ಇಬ್ಭಾಗ ಮಾಡುವ ಹಾಗೆ ತೆರೆದು, ಕಾಲಿನ ಮಾಂಸ ಒಂದು ಕಡಲೆಬೇಳೆಯಷ್ಟು ಕತ್ತರಿಸಿ 95 ಶೇಕಡಾ ಎಥನಾಲಿಗೆ ಹಾಕಿ, ಮರುದಿನ ಎಥನಾಲ್ ಬದಲಿಸಿ. ಮೊಟ್ಟೆ, ವೀರ್ಯ ಇರುವ ಭಾಗ ಮುಟ್ಟಬೇಡಿ. ಮೈಟೊಕಾಂಡ್ರಿಯದ ಡಿಎನ್‌ಎ ಸಾಮಾನ್ಯವಾಗಿ ಅಮ್ಮನಿಂದ ಮಾತ್ರ ಬರುತ್ತದೆ, ಆದರೆ ಕೆಲವು ಚಿಪ್ಪಿನ ಜಾತಿಗಳಲ್ಲಿ ಅಪ್ಪನ ಮೈಟೊಕಾಂಡ್ರಿಯ ಗಂಡುಮಕ್ಕಳಿಗೂ ಹೋಗುತ್ತದೆ, ಅಲ್ಲಿಂದ ತೆಗೆದರೆ ಒಂದೇ ಜೀವಿಯಲ್ಲಿ ಎರಡು ಥರದ ಸೀಕ್ವೆನ್ಸ್ ಸಿಕ್ಕು ತಲೆ ಕೆಡುತ್ತದೆ.

ಹೊಳೆಬದಿ:
ನಾನು ವಿಜ್ಞಾನ ಓದಿದವಳಲ್ಲ. ನಮ್ಮಮ್ಮ ಈಗಲೂ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಕಾಲಲ್ಲೇ ತಡವಿ ಮರುವಾಯಿ ಹುಡುಕುತ್ತಾರೆ. ಯಾವ ವರ್ಷ ಮರಿ ಜಾಸ್ತಿ, ಯಾವ ಮಳೆಗೆ ಸಿಹಿನೀರು ನಿಂತು ಎಲ್ಲ ಸತ್ತುಹೋಯಿತು, ಎಲ್ಲ ಹೇಳುತ್ತಾರೆ. ಸ್ಯಾಂಪಲ್ ತಗೊಳ್ಳುವ ಮೊದಲು ಅಂಥವರ ಜೊತೆ ಎರಡು ದಿನ ಹೊಳೆಗೆ ಇಳಿಯಿರಿ. ಯಾರಾದರೂ ಒಂದು ಹೊಳೆಯ ಮರಿ ತಂದು ಇನ್ನೊಂದಕ್ಕೆ ಬಿಟ್ಟಿದ್ದಾರಾ ಅಂತಲೂ ಕೇಳಿ.

ನೀಲಿಕಲ್ಲು:
ಇದು ತುಂಬ ಮುಖ್ಯ. ಮನುಷ್ಯರು ಹೊತ್ತು ತಂದದ್ದನ್ನು ಪ್ರವಾಹ ತಂದದ್ದು ಅಂತ ಬರೆದುಬಿಟ್ಟರೆ ಇಡೀ ಅಧ್ಯಾಯ ತಪ್ಪು.

ಅಳಿವೆಬಾಗಿಲು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂಲ್ಕಿ, ಅಘನಾಶಿನಿ ಎರಡನ್ನೇ ಹಿಡಿದು ಮೂರು ವರ್ಷ ಮರಿ, ದೊಡ್ಡದು ಎರಡೂ ತೆಗೆಯುತ್ತೇನೆ. ಹೊಳೆಬದಿ ಅಕ್ಕಾ, ಮುಂದಿನ ವಾರ ಇಳಿತ ಬೆಳಿಗ್ಗೆ ಬರುತ್ತದಾ? ಅಮ್ಮನ ಜೊತೆ ಬರಬಹುದಾ?